ಘಾಟಿ ಹತ್ತಿದ ಜಗಳ

ನೀಲಾವತಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಖೋಪೋಲಿಯ ಪೇಟೆ ಮುಗಿದು ಘಾಟಿಯ ಏರು ಶುರುವಾಗುವಲ್ಲಿ ಒಂದು ಮರದ ಕೆಳಗೆ ದಾನಪ್ಪ ಬಾಡಿಗೆಗೆ ತಂದ ಲಾರಿ ನಿಂತಿತ್ತು. ನೆರಳಿನಲ್ಲಿ ಕೂರು ಎಂದು ಅವನು ಹೇಳಿದ್ದೇ ಹೇಳಿದ್ದು. ಅವಳು ಕೂರುವಳು, ಏಳುವಳು, ರಸ್ತೆಗೆ ಬಂದು ಪನ್ವೇಲಿನ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡುವಳು, ಮತ್ತೆ ಬಂದು ಬಟ್ಟೆ ಚೀಲದೊಳಗಿನ ಬಾಟಲಿಯ ಬಿರಡೆ ಗಟ್ಟಿಯಾಗಿದೆಯೇ ಎಂದು ಒತ್ತುವಳು. ಬಾಟಲಿಯಲ್ಲಿ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ, ಜೊತೆಗೆ ಬಾಳೆಹಣ್ಣು, ಎಳ್ಳುಬೆಲ್ಲದ ಉಂಡೆ. ಒತ್ತಿ ಒತ್ತಿ ಬಿರಡೆ ಒಳಗೇ ಹೋಗಿಬಿಟ್ಟೀತು ಎಂದು ದಾನಪ್ಪನಿಗೆ ಭಯ.

ಅದು ಮುಂಬಯಿಯಿಂದ ಪೂನಾಕ್ಕೆ ಸೈಕಲ್ ತುಳಿದು ಹೋಗುವ ಪಂದ್ಯ. ಅವಳ ಗಂಡ ಸದಾನಂದ ಬೆಳಕು ಹರಿಯುವ ಮೊದಲೇ ದಾದರಿನಿಂದ ಹೊರಟಿದ್ದ. ಠಾಣೆ, ಮುಂಬ್ರಾ, ಪನ್ವೇಲ್ ದಾಟಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ. ಸವಾರರಿಗೆ ತಿನ್ನಲು ಕುಡಿಯಲು ಕೊಡಬಹುದಾದ ಜಾಗ ಇದೊಂದೇ. ಇದನ್ನು ದಾಟಿದರೆ ಖಂಡಾಲಾದವರೆಗೆ ಬರೀ ಏರು. ದಾನಪ್ಪ ಕುರ್ಲಾದಲ್ಲಿ ಸೈಕಲ್ ಅಂಗಡಿ ಇಟ್ಟವನು, ಸದಾನಂದನಿಗೆ ಸೈಕಲ್ ಕೊಟ್ಟು ಪಂದ್ಯಕ್ಕೆ ಇಳಿಸಿದವನೂ ಅವನೇ. ಚೀಲ ಕೈಗೆ ಸಿಕ್ಕಿದರೆ ಸದಾನಂದ ಘಾಟಿ ಹತ್ತುತ್ತಾನೆ, ಸಿಗದಿದ್ದರೆ ಇಲ್ಲ ಎಂದು ಅವನು ದಾರಿಯುದ್ದಕ್ಕೂ ಹೇಳಿ ಅವಳ ಜೀವ ಅರ್ಧ ಮಾಡಿದ್ದ.

ಘಾಟಿ ಹತ್ತಿದರೆ ಸಂಸಾರಕ್ಕೆ ಒಂದು ಖೋಲಿ, ಒಂದು ಕೋಣೆ, ಸಿಗುವುದಿತ್ತು. ಅದಕ್ಕೇ ಈ ಒದ್ದಾಟ.

ಮದುವೆಯಾಗಿ ಮೂರು ವರ್ಷ ಕಳೆದರೂ ಗಂಡಹೆಂಡಿರು ಒಂದು ಸೂರಿನ ಕೆಳಗೆ ಇದ್ದವರಲ್ಲ. ಸದಾನಂದ ಮಾಟುಂಗದ ಹೋಟೆಲಿನಲ್ಲಿ ಸಪ್ಲಾಯರ್. ಮಲಗುವುದು ಅಲ್ಲೇ ಅಟ್ಟದ ಮೇಲೆ, ಉಳಿದ ಕೆಲಸದವರ ಸಾಲಿನಲ್ಲಿ. ನೀಲಾವತಿ ಘಾಟ್ಕೋಪರಿನ ಸಾಲುಮನೆಗಳ ಚಾಳಿನಲ್ಲಿ ಅಕ್ಕ ವಿನೋದಿನಿಯ ಒಂದೇ ಖೋಲಿಯ ಮನೆಯಲ್ಲಿ, ಅಕ್ಕ, ಭಾವ, ಭಾವನ ತಾಯಿ ಮತ್ತು ಮಕ್ಕಳ ನಡುವೆ ಇದ್ದಳು. ವಾರಕ್ಕೊಮ್ಮೆ ಸದಾನಂದ ಲೋಕಲ್ ಹಿಡಿದು ಬರುತ್ತಿದ್ದ, ಚಾ ಕುಡಿಯುತ್ತಿದ್ದ, ಭಾವನೊಡನೆ ಊರಿನ ಮಳೆಯ ಸುದ್ದಿ ಮಾತಾಡುತ್ತಿದ್ದ, ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದ. ಗಂಡಹೆಂಡಿರಿಗೆ ಅಂತ ಇದ್ದದ್ದು ಬಾಗಿಲ ಹೊರಗಿನ ಗ್ಯಾಲರಿಯ ಒಂದು ಮೂಲೆ. ಅಲ್ಲಿ ಇಬ್ಬರೂ ಹೋಗಿ ನಿಂತರೆ ಸಾಕು, ಅಕ್ಕಪಕ್ಕದ ಹೆಂಗಸರಿಗೆಲ್ಲ ಆ ಹೊತ್ತಿಗೇ ಬಟ್ಟೆ ಒಣಹಾಕುವ ನೆನಪಾಗುತ್ತಿತ್ತು. ಹಾಗಾಗಿ ಅವರಿಬ್ಬರ ಸಂಸಾರವೆಲ್ಲ ಪಿಸುಮಾತಿನಲ್ಲೇ ನಡೆದಿತ್ತು. ಜಗಳವನ್ನಂತೂ ಒಮ್ಮೆಯೂ ಆಡಿರಲಿಲ್ಲ. ಜಗಳಕ್ಕೂ ಜಾಗ ಬೇಕಲ್ಲ! ವಿನೋದಿನಿ ಮಾತ್ರ ಅದನ್ನೇ ಹೊಂದಾಣಿಕೆ ಎಂದು ಚಾಳಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಆಗ ಪರೇಲಿನ ಕಡೆಯ ಒಂದು ಮಿಲ್ಲಿನವರು ಸೈಕಲ್ ತಂಡ ಕಟ್ಟಲು ಹೊರಟರು. ಈ ಪಂದ್ಯದಲ್ಲಿ ಮೊದಲ ಹತ್ತರೊಳಗೆ ಬಂದವರಿಗೆ ಮಿಲ್ಲಿನಲ್ಲಿ ಕೆಲಸ, ಹೆಂಡತಿಯಿದ್ದವರಿಗೆ ಮಿಲ್ಲಿನ ಚಾಳಿನಲ್ಲಿ ಒಂದು ಖೋಲಿ. ಸುದ್ದಿ ಕೇಳಿದ ದಿನದಿಂದ ನೀಲಾವತಿ ಆ ಖೋಲಿಯಲ್ಲಿ ಒಲೆ ಎಲ್ಲಿ, ನೀರಿನ ಹಂಡೆ ಎಲ್ಲಿ ಎಂದು ಜೋಡಿಸುತ್ತಲೇ ಇದ್ದಳು. ಒಲೆಯನ್ನಂತೂ ಮೂರು ಸಲ ಜಾಗ ಬದಲಿಸಿದ್ದಳು.

“ನೋಡವ್ವಾ,” ಎಂದ ದಾನಪ್ಪ, “ನನ್ನ ಮಂದಿ ಇನ್ನಿಬ್ಬರು ಅದಾರ. ಅವರ ಚೀಲ ಹಿಡಕೊಂಡು ನಾ ಮುಂದ ಆ ಕಲ್ಲಿನ ಹತ್ರ ನಿಂದರತೀನಿ. ನಿನ್ನ ಗಂಡನ್ನ ನೀನ ನೋಡಬೇಕು. ಅಂವ ಇಳಿಯೂದಿಲ್ಲ, ಓಡೂ ಸೈಕಲ್‌ನ್ಯಾಗ ಕೈ ಚಾಚತಾನ. ಪಟ್ಟಿ ಹಿಡಿದು ಚೀಲ ಮುಂದ ಮಾಡು. ಮತ್ತ ಹೆಸರು ಹಿಡದು ಜೋರಾಗಿ ಕೂಗು, ಇಲ್ಲಾಂದ್ರ ಧೂಳಾಗ ಅವಗ ನೀ ಕಾಣೂದಿಲ್ಲ.”

“ಹೆಸ್ರಾ?” ಎಂದಳು ನೀಲಾವತಿ.

“ಮತ್ತ? ಎಲ್ಲಾರೂ ಹೆಸರ ಕೂಗತಾರ.”

“ನಾ ಕರೀತೆ, ಬಿಡಿ. ಅವ್ರಿಗೆ ಕೇಳತ್ತ್.”

ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕರಗುತ್ತದೆ ಎಂದು ಅವಳ ಅಜ್ಜಿ ಹೇಳಿದ್ದಳು. ಅವಳೂ ಅದನ್ನು ಎಂದೂ ಮೀರಿದವಳಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರೇನು ಎಂದು ಕೇಳಿದಾಗ ಅಕ್ಕನ ಮಗಳಿಂದ ಹೇಳಿಸಿದ್ದಳು. ಅವಳ ಊರಾದ ಕುಂದಾಪುರದ ಕಡೆ ಗಂಡನನ್ನು ಕರೆಯುವುದಕ್ಕೆ ಹೆಸರು ಬೇಕಾಗಿಯೂ ಇರಲಿಲ್ಲ. ಅಡುಗೆಮನೆಯಿಂದ ಒಂದು “ಹೋಯ್” ಎಂದರೆ ಜಗಲಿಯಲ್ಲಿದ್ದವನು ಎದ್ದು ಬರುತ್ತಾನೆ. ಅವಳ ಅಮ್ಮ ಹಾಗೇ ಕರೆದಿದ್ದಳು, ಅತ್ತೆಯೂ ಹಾಗೇ. ಇಡೀ ಖೋಪೋಲಿಯಲ್ಲಿ ಹಾಗೆ ಕರೆಯುವವಳು ತಾನೊಬ್ಬಳೇ ಆದ್ದರಿಂದ ಹೆಸರಿಗಿಂತ ಇದೇ ಮೇಲು ಎಂದು ಅವಳು ಲೆಕ್ಕ ಹಾಕಿದಳು.

ಲೆಕ್ಕ ತಪ್ಪಿದ್ದು ಅಲ್ಲೇ.

ಜನ ಹೋ ಎಂದರು. ತಿರುವಿನಲ್ಲಿ ಮೊದಲು ಧೂಳು ಕಂಡಿತು, ಆಮೇಲೆ ಸೈಕಲ್ಲುಗಳು. ಮುಂದಿನ ನಾಲ್ಕಾರು ಮಂದಿ ಸುಯ್ಯೆಂದು ಹೋದರು. ಅವರಲ್ಲಿ ಸದಾನಂದ ಇರಲಿಲ್ಲ. ಅವರ ಹಿಂದೆ ಒಂದು ದೊಡ್ಡ ಗುಂಪು ಒತ್ತೊತ್ತಾಗಿ ಬಂತು. ಎಲ್ಲರ ತಲೆಯ ಮೇಲೂ ಬಿಳಿ ಟೋಪಿ, ಎಲ್ಲರ ಮುಖಕ್ಕೂ ಒಂದೇ ಕೆಂಪು ಧೂಳು. ನಂಬರಿನ ಬಟ್ಟೆಯಂತೂ ಬೆನ್ನಿಗೆ. ರಸ್ತೆಯ ಎರಡು ಬದಿಯಲ್ಲೂ ದತ್ತೂ, ಫ್ರಾನ್ಸಿಸ್, ಬಚನ್ ಎಂದು ಹತ್ತಾರು ಹೆಸರುಗಳ ಕೂಗೆದ್ದಿತು. ನೀಲಾವತಿ ಚೀಲದ ಪಟ್ಟಿ ಹಿಡಿದು ಕೈ ಚಾಚಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

“ಹೋಯ್!”

ಗುಂಪಿನ ನಡುವಿನಿಂದ ಒಂದು ತಲೆ ಥಟ್ಟನೆ ತಿರುಗಿತು. ಸವಾರ ಸೈಕಲ್ಲನ್ನು ಎಳೆದು ಅಂಚಿಗೆ ತಂದ, ಕೈ ಚಾಚಿದ, ಪಟ್ಟಿಗೆ ಬೆರಳು ಸಿಕ್ಕಿಸಿದ. ಅವಳಿಗೆ ಮೀಸೆ ಕಂಡಿತು. ಸದಾನಂದನಿಗೆ ಮೀಸೆಯಿಲ್ಲ. ಅಷ್ಟರಲ್ಲಿ ಚೀಲ ಅವಳ ಕೈಯಲ್ಲಿರಲಿಲ್ಲ. ಮೀಸೆಯವನು ಚೀಲವನ್ನು ಕೊರಳಿಗೆ ಹಾಕಿಕೊಂಡು ಏರಿನ ಕಡೆ ಹೋಗಿಯಾಗಿತ್ತು. ಅವನ ಹಿಂದೆ ಮೂರನೆಯವನಾಗಿ ಸದಾನಂದ ಬಂದ. ಅವಳ ಖಾಲಿ ಕೈಯನ್ನು ನೋಡಿದ, ಅವಳ ಮುಖವನ್ನು ನೋಡಿದ, ತುಳಿದುಕೊಂಡು ಹೋದ.

“ಯಾರಿಗೆ ಕೊಟ್ಟಿ?” ಎಂದು ದಾನಪ್ಪ ಓಡಿ ಬಂದು ಕೂಗಾಡಿದ. “ಅಂವ ಎದುರು ತಂಡದ ಮೋನಪ್ಪ, ಮುಂಬಯಿ ಲಾಲ್‌ಬಾಗಿನಂವ! ಅವನೂ ನಿಮ್ಮ ಊರ ಕಡೆಯಂವನ ಅದಾನ. ಹೆಸರು ಕೂಗು ಅಂತ ಬಡಕೊಂಡಿದ್ದಿಲ್ಲೇನು ನಾ?”

ನೀಲಾವತಿ ಲಾರಿ ಹತ್ತಿ, ಹಿಂದಿನ ಹಲಗೆ ಹಿಡಿದು ನಿಂತೇ ಇದ್ದಳು. ಲಾರಿ ಮೊದಲ ಗೇರಿನಲ್ಲಿ ನರಳುತ್ತ ಏರತೊಡಗಿತು. ಇಷ್ಟು ನಿಧಾನವೇ ಎಂದು ಅವಳಿಗೆ ಲಾರಿಯ ಮೇಲೂ ಸಿಟ್ಟು ಬಂತು, ದಾನಪ್ಪನ ಮೇಲೂ, ಆ ಮೀಸೆಯ ಮೇಲೂ. ಎಲ್ಲಕ್ಕಿಂತ ಹೆಚ್ಚು ತನ್ನ ಬಾಯಿಯ ಮೇಲೆ ಬಂತು. ಕಣ್ಣು ತುಂಬಿದರೆ ರಸ್ತೆ ಕಾಣುವುದಿಲ್ಲವೆಂದು ಅಳಲೂ ಇಲ್ಲ.

ಎರಡು ತಿರುವು ದಾಟುವಷ್ಟರಲ್ಲಿ ಸದಾನಂದ ಕಂಡ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯುತ್ತಿದ್ದ. ನಡೆಯುವುದು ಎನ್ನುವುದೂ ಹೆಚ್ಚೇ, ಮೊಣಕಾಲು ನಡುಗುತ್ತಿತ್ತು, ತುಟಿ ಬಿಳಿಚಿತ್ತು. ನೋಡುತ್ತಿದ್ದಂತೆ ಕಟ್ಟೆಗೆ ಸೈಕಲ್ ಒರಗಿಸಿ ಕೂತೇಬಿಟ್ಟ. ಇಬ್ಬರು ಸವಾರರು ಅವನನ್ನು ದಾಟಿ ಹೋದರು. ದಾನಪ್ಪ ಲಾರಿಯಿಂದಲೇ ಬೈದ, ರಮಿಸಿದ, ಹಿಂದಿಯಲ್ಲಿ ಹುರಿದುಂಬಿಸಿದ. ಸದಾನಂದ ತಲೆಯೆತ್ತಲಿಲ್ಲ.

ನೀಲಾವತಿ ಲಾರಿಯಿಂದ ಧುಮುಕಿದಳು.

“ಏ, ಮುಟ್ಟಬ್ಯಾಡವ್ವಾ!” ಎಂದು ದಾನಪ್ಪ ಕಿರುಚಿದ. “ಕೈ ತಾಗಿದ್ರ ಔಟು! ಸೈಕಲ್ಲಿಗೂ ತಾಗಬಾರದು!”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಎದುರು ನಿಂತಳು. “ಎಂತ ಆಯ್ತ್? ಏಳಿ.”

“ಎಂತ ಆಪುದ್? ಯಾರದ್ದೋ ಹೊಟ್ಟಿ ತುಂಬ್ಸಿದ್ಯಲೆ. ಅವ್ನ ಹಿಂದೇ ಹೋಗ್.”

“ನಾ ಕರ್ದದ್ ನಿಮ್ಮನ್ನ.”

“ಹೋಯ್ ಅಂದ್ರೆ ಯಾರ್? ಕುಂದಾಪ್ರದ ಗಂಡಸ್ರೆಲ್ಲ ಹೋಯೇ. ನಂಗೊಂದ್ ಹೆಸ್ರ್ ಇಲ್ಯಾ?”

“ಹೆಸ್ರ್ ಹೇಳಿ ನಿಮ್ಮ ಆಯುಷ್ಯ ಕಮ್ಮಿ ಮಾಡುದಾ?”

“ಈಗ ಎಷ್ಟ್ ಉಳ್ದಿತ್ ಕಾಣ್!” ಎಂದು ಸದಾನಂದ ಎದ್ದು ನಿಂತು ತನ್ನ ಎದೆ ತೋರಿಸಿದ.

ಎದ್ದವನು ಸಿಟ್ಟಿನಲ್ಲಿ ಸೈಕಲ್ ಹಿಡಿದು ನಾಲ್ಕು ಹೆಜ್ಜೆ ಹಾಕಿದ. ಅವಳು ಬಿಡಲಿಲ್ಲ, ಪಕ್ಕದಲ್ಲೇ ಹೆಜ್ಜೆ ಹಾಕಿದಳು. ಇಬ್ಬರ ನಡುವೆ ಸೈಕಲ್ ಇತ್ತು. ಅದಕ್ಕೆ ತಾಗದಂತೆ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

“ತಪ್ಪಾಯ್ತ್. ಒಂದ್ ಕೂಗ್ ತಪ್ಪಿದ್ದಕ್ಕೆ ಹೀಂಗ್ ಹೇಳ್ತ್ರಿ. ನೀವ್ ಮೂರು ವರ್ಷ ಮಾಡಿದ್ದ್ ಎಂತ? ವಾರಕ್ಕೊಂದ್ ಸಲ ಬಪ್ಪುದ್, ಬಂದವ್ರ್ ಭಾವನ ಹತ್ರ ಮಳಿ ಸುದ್ದಿ ಹೇಳುದ್. ಮುಂಬಯಂಗೆ ಕೂತ್ಕಂಡ್ ಕುಂದಾಪ್ರದ ಮಳಿ ನಿಮ್ಗ್ ಎಂತಕ್? ನನ್ನ ಹತ್ರ ಎಂತ ಮಾತಾಡಿದ್ರಿ?”

“ಅಲ್ಲಿ ಎಂತ ಮಾತಾಡುದ್? ನಿನ್ನ ಭಾವನ ಅಮ್ಮ ಕಣ್ಣ್ ಮುಚ್ಕಂಡ್, ಕೆಮಿ ತೆರ್ಕಂಡ್ ಕೂತಿರ್ತ್ರ್.”

“ಹಾಂಗಾರೆ ಹೊರ್ಗೆ ಕರ್ಕಂಡ್ ಹೋಯ್ಲಾಗಿತ್ತಾ? ಒಂದ್ ದಿನ ಚೌಪಾಟಿಗೆ ಕರ್ಕಂಡ್ ಹೋಯ್ರ್ಯಾ?”

“ರಜಿ ಯಾರ್ ಕೊಡ್ತ್ರ್, ನಿನ್ನ ಅಪ್ಪನಾ?”

“ಅಪ್ಪನ ಸುದ್ದಿ ಎತ್ಬೇಡಿ!”

ಮೊದಮೊದಲು ಇಬ್ಬರ ದನಿಯೂ ಅಭ್ಯಾಸಬಲದಿಂದ ಗಂಟಲಲ್ಲೇ ಸುತ್ತುತ್ತಿತ್ತು. ಅಪ್ಪನ ಸುದ್ದಿ ಬಂದ ಮೇಲೆ ನೀಲಾವತಿಯ ದನಿ ಬಿಚ್ಚಿಕೊಂಡಿತು. ಘಾಟಿಯ ಗೋಡೆಗೆ ಬಡಿದು ಅವಳ ಮಾತು ಅವಳಿಗೇ ಕೇಳಿಸಿತು. ಅವಳು ಗಾಬರಿಯಿಂದ ಆಚೀಚೆ ನೋಡಿದಳು. ಒಣಹಾಕಲು ಬಟ್ಟೆ ಹಿಡಿದವರು ಯಾರೂ ಇರಲಿಲ್ಲ. ಸೌದೆ ಹೊತ್ತ ಮೂವರು ಹೆಂಗಸರು ನಿಂತು ನೋಡುತ್ತಿದ್ದರು, ಅವರಿಗೆ ಈ ಭಾಷೆ ಬರುವಂತಿರಲಿಲ್ಲ. ಅವಳಿಗೆ ಹಬ್ಬವೇ ಆಯಿತು. ಮೂರು ವರ್ಷ ನುಂಗಿದ್ದೆಲ್ಲ ಬಾಯಿಗೆ ಬಂತು. ಅಕ್ಕ ಎಣ್ಣೆಯ ಗಿಂಡಿಯನ್ನು ಎತ್ತಿಡುವುದು, ಭಾವನ ಕೆಮ್ಮು, ತಾನು ಬಾಗಿಲ ಬಳಿ ಕಾಲು ಮಡಚಿ ಮಲಗುವುದು, ಇವನು ತಂದುಕೊಟ್ಟ ಸೀರೆಯನ್ನು ಅಕ್ಕನ ನಾದಿನಿಗೆ ಕೊಡಬೇಕಾಗಿ ಬಂದದ್ದು, ಒಂದನ್ನೂ ಬಿಡಲಿಲ್ಲ. ಸದಾನಂದನೂ ಬಿಡುವವನಲ್ಲ. ಅವಳ ಒಂದೊಂದು ಮಾತಿಗೂ ಉತ್ತರ ಕೊಡಲು ಉಸಿರು ಬೇಕು, ಉಸಿರಿಗೆ ಹೆಜ್ಜೆ ಬೇಕು, ಹಾಗೆ ಹೆಜ್ಜೆ ಬೀಳುತ್ತಲೇ ಇತ್ತು. ಒಬ್ಬ ಸವಾರ ಕಟ್ಟೆಯ ಮೇಲೆ ಕೂತು ವಾಂತಿ ಮಾಡುತ್ತಿದ್ದ. ಅವನನ್ನು ದಾಟಿದ್ದು ಇವರಿಗೆ ಗೊತ್ತೇ ಆಗಲಿಲ್ಲ.

“ನೀ ಮುಂಬಯಿಗೆ ಬಂದದ್ದೇ ನನ್ನ ಮಾತ್ ಕೇಳ್ದೆ,” ಎಂದ ಸದಾನಂದ, ಒಂದು ತಿರುವಿನಲ್ಲಿ. “ಊರಂಗೇ ಇರ್ ಅಂದಿದ್ದೆ.”

ಅವಳ ಕಾಲು ತಡೆಯಿತು. ಇಷ್ಟು ಹೊತ್ತಿನ ಜಗಳದಲ್ಲಿ ನೋವಾದದ್ದು ಇದೊಂದಕ್ಕೇ. “ಹಾಂಗಾರೆ ನಾ ಬಪ್ಪುದ್ ನಿಮ್ಗೆ ಬ್ಯಾಡ ಇತ್ತ್.”

“ಬ್ಯಾಡ ಇದ್ದಿರೆ ಈ ಗುಡ್ಡಿ ಎಂತಕ್ ಹತ್ತುದ್ ನಾ?” ಎಂದು ಅವನು ಅಬ್ಬರಿಸಿದ. “ಯಾರಿಗ್ ಬೇಕಿತ್ ಪೂನಾ? ನನ್ನ ಅಜ್ಜ ಇತ್ನಾ ಅಲ್ಲಿ?”

ನೀಲಾವತಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತೋರಿಸದೆ, “ಹತ್ತುದಾರೆ ಹತ್ತಿ ಮತ್ತೆ! ನಿಂತದ್ದ್ ಎಂತಕ್?” ಎಂದು ಇನ್ನೂ ಜೋರಾಗಿ ಕೂಗಿದಳು. ಹೆಸರನ್ನು ಮಾತ್ರ ಆಗಲೂ ಹೇಳಲಿಲ್ಲ. ಅಷ್ಟು ಸಿಟ್ಟಿನಲ್ಲೂ ಅವನ ಆಯುಷ್ಯದ ಚಿಂತೆ ಅವಳನ್ನು ಬಿಟ್ಟಿರಲಿಲ್ಲ.

“ಲೇ ಸದಾ!” ಹಿಂದಿನಿಂದ ದಾನಪ್ಪ ಲಾರಿಯ ಬಾಗಿಲು ಬಡಿದ. “ಏರು ಮುಗೀತಲೇ! ಜಗಳ ನಿಲ್ಲಿಸಿ ಸೈಕಲ್ ಹತ್ತು!”

ಸದಾನಂದ ಬೆಪ್ಪಾಗಿ ಮುಂದೆ ನೋಡಿದ. ಖಂಡಾಲಾದ ಮನೆಗಳು ಕಾಣುತ್ತಿದ್ದವು. ಅವನು ಕಾಲೆತ್ತಿ ಹಾಕಿ ಸೈಕಲ್ ಏರಿದವನೇ ಒಂದು ಸಲವೂ ಹಿಂದೆ ತಿರುಗದೆ ಹೋದ. ನೀಲಾವತಿ ರಸ್ತೆಯ ನಡುವೆ ನಿಂತು, ಕಟ್ಟಿದ್ದ ಕೈ ಬಿಡಿಸಿಕೊಂಡಳು. ಬೆರಳುಗಳು ಜೋಮು ಹಿಡಿದಿದ್ದವು.

ಪೂನಾದ ಮೈದಾನಕ್ಕೆ ಲಾರಿ ಮುಟ್ಟಿದಾಗ ಸದಾನಂದ ನೆಲದ ಮೇಲೆ ಅಂಗಾತ ಬಿದ್ದಿದ್ದ. ಖಂಡಾಲಾದಿಂದ ಈಚೆಗೆ ಆರು ಮಂದಿಯನ್ನು ಹಿಂದೆ ಹಾಕಿದ್ದನಂತೆ. ಆದರೂ ಹನ್ನೊಂದನೆಯವನಾಗಿದ್ದ. ಹತ್ತನೆಯವನು ಅವನಿಗಿಂತ ಒಂದು ಸೈಕಲ್ಲಿನಷ್ಟು ಮುಂದೆ ಗೆರೆ ದಾಟಿದ್ದ. ಆ ಹತ್ತನೆಯವನೇ ಮೋನಪ್ಪ.

ದಾನಪ್ಪ ಬಿಡುವ ಕುಳವಲ್ಲ. ಬೇರೆ ತಂಡದವರ ಕೈಯಿಂದ ತಿಂಡಿ ಕಿತ್ತುಕೊಂಡವನು ಪಂದ್ಯದಿಂದ ಹೊರಗೆ ಎಂದು ನಿಯಮವಿತ್ತು. ಅವನು ನೇರ ತೀರ್ಪು ಹೇಳುವ ಪಂಚರ ಮೇಜಿಗೆ ಹೋಗಿ ತಕರಾರು ಹೇಳಿದ. ಮೋನಪ್ಪನನ್ನು ಕರೆಸಿದರು. ಕೊರಳಲ್ಲಿ ಇನ್ನೂ ನೀಲಾವತಿಯ ಚೀಲ ಹಾಕಿಕೊಂಡೇ ಅವನು ಬಂದ. ಅವಳನ್ನು ನೋಡಿದ್ದೇ ಚೀಲ ತೆಗೆದು ಎರಡು ಕೈಯಲ್ಲಿ ಹಿಡಿದ.

“ಅಕ್ಕಾ, ನಂಗೆ ಗೊತ್ತಾಯ್ಲಿಲ್ಲೆ. ನಮ್ಮನಿಯವ್ಳ್ ಹಾಂಗೇ ಕರೂದ್. ಅವ್ಳ್ ಊರಂಗಿತ್ಲ್. ಎರಡು ವರ್ಷ ಆಯ್ತ್ ಆ ಕೂಗ್ ಕೇಳ್ದೆ. ಕೈ ತನ್ನಿಂತಾನೇ ಬಂತ್. ಗಂಜಿ ಬಾಯಿಗ್ ಬಿದ್ದ ಮೇಲೇ ನಂದಲ್ಲ ಅಂದ್ ಗೊತ್ತಾದ್ದ್.”

ಗೊತ್ತಾದ ಮೇಲೂ ಕುಡಿದೆಯಲ್ಲ ಎಂದು ನೀಲಾವತಿಗೆ ಅವನ ಮೀಸೆ ಹಿಡಿದು ಎಳೆಯುವಷ್ಟು ಸಿಟ್ಟು ಬಂತು. ಮರುಕ್ಷಣವೇ, ಊರಿನಲ್ಲಿ ಕೂತು ಇವನನ್ನು ಕಾಯುತ್ತಿರುವವಳು ನೆನಪಾದಳು. ಅವಳ ಮೇಲೂ ಸಿಟ್ಟೇ ಬಂತು.

ಪಂಚರಾಗಿ ಕೂತಿದ್ದವರು ಒಬ್ಬ ಮುದುಕ ಪಾರ್ಸಿ. ಅವರು ಬಿಸಿಲಿಗೆ ಕಣ್ಣು ಮುಚ್ಚಿ ತೆರೆದು, ಹಿಂದಿಯಲ್ಲಿ ಅವಳನ್ನು ಒಂದೇ ಮಾತು ಕೇಳಿದರು. “ಛೀನಾ, ಯಾ ತುಮ್‌ನೇ ದಿಯಾ?”

ಕಿತ್ತುಕೊಂಡನೋ, ನೀನೇ ಕೊಟ್ಟೆಯೋ. ಅಷ್ಟು ಹಿಂದಿ ಅವಳಿಗೆ ಬರುತ್ತಿತ್ತು. “ಛೀನಾ” ಎಂದರೆ ಮೋನಪ್ಪ ಹೊರಗೆ, ಸದಾನಂದ ಹತ್ತನೆಯವನು, ಖೋಲಿ ತನ್ನದು. ದಾನಪ್ಪ ಹಿಂದಿನಿಂದ “ಛೀನಾ ಅನ್ನವ್ವಾ” ಎಂದು ಗುಣುಗುಣಿಸಿದ. ಸದಾನಂದ ಎದ್ದು ಬಂದು ನಿಂತಿದ್ದ. ಅವಳಿಗೆ ಖೋಪೋಲಿಯ ಆ ಕ್ಷಣ ಮತ್ತೆ ಕಂಡಿತು. ಪಟ್ಟಿಗೆ ಬೆರಳು ಬಿತ್ತು, ಮೀಸೆ ಕಂಡಿತು, ಆಗಿನ್ನೂ ಚೀಲ ಅವಳ ಮುಷ್ಟಿಯಲ್ಲೇ ಇತ್ತು. ಅವನು ಎಳೆದಿರಲಿಲ್ಲ. ಹೋಯ್ ಎಂದದ್ದಕ್ಕೆ ಒಬ್ಬ ಗಂಡಸು ತಿರುಗಿ ಬಂದನಲ್ಲ ಎಂದು ಅವಳ ಕೈಯೇ ಮುಷ್ಟಿ ಬಿಚ್ಚಿತ್ತು. ಅದು ಅವಳಿಗೊಬ್ಬಳಿಗೇ ಗೊತ್ತು. ಸುಳ್ಳು ಹೇಳಿ ಪಡೆದ ಖೋಲಿಯಲ್ಲಿ ಒಲೆ ಹಚ್ಚಿದಾಗಲೆಲ್ಲ ಅದು ಗೊತ್ತೇ ಇರುತ್ತದೆ.

“ದಿಯಾ,” ಎಂದಳು ನೀಲಾವತಿ.

ಲಾರಿ ಮುಂಬಯಿಗೆ ಹೊರಟಿತು. ದಾನಪ್ಪ ಡ್ರೈವರನ ಪಕ್ಕ ಮುಖ ಗಂಟಿಕ್ಕಿ ಕೂತ. ಗಂಡಹೆಂಡಿರು ಹಿಂದೆ, ಸೈಕಲ್ಲುಗಳ ನಡುವೆ ಕೂತರು. ಲಾರಿ ಘಾಟಿ ಇಳಿಯಿತು. ಖೋಪೋಲಿ ದಾಟಿದ ಮೇಲೆ ಸದಾನಂದ, “ಒಂದ್ ಸುಳ್ಳ್ ಹೇಳ್ಲಕ್ಕಿತ್ತ್,” ಎಂದ.

“ನೀವಾರೆ ಹೇಳ್ತಿದ್ರ್ಯಾ?”

ಅವನು ಪಕ್ಕದ ಸೈಕಲ್ಲಿನ ಚಕ್ರವನ್ನು ಒಮ್ಮೆ ತಿರುಗಿಸಿದ. “ಹೇಳ್ತಿದ್ದೆ,” ಎಂದ ಕೊನೆಗೆ. “ಹೇಳಿ, ಆಮೇಲೆ ನಿನ್ನ ಹತ್ರ ಬೈಸ್ಕಂತಿದ್ದೆ.”

ಬೈಯಲು ಖೋಲಿಯೆಲ್ಲಿದೆ? ಇನ್ನು ಮತ್ತೆ ಗ್ಯಾಲರಿಯ ಮೂಲೆ, ಮತ್ತೆ ಪಿಸುಮಾತು. ಇವತ್ತು ಘಾಟಿಯಲ್ಲಿ ಅಷ್ಟು ಕೂಗಿದ ಮೇಲೆ ತನ್ನಿಂದ ಇನ್ನು ಪಿಸುಗುಡಲು ಆಗುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು. ಠಾಣೆ ಬಂತು, ಮುಲುಂಡ್ ಬಂತು. ಅವಳು ಕಾಲು ಚಾಚಿದಳು, ಮಡಚಿದಳು, ಮತ್ತೆ ಚಾಚಿದಳು.

ಘಾಟ್ಕೋಪರಿನ ಅಕ್ಕನ ಚಾಳಿನ ಗಲ್ಲಿಯ ಬಾಯಲ್ಲಿ ಲಾರಿ ನಿಂತಿತು. ಬೀದಿದೀಪ ಹತ್ತಿತ್ತು. ದಾನಪ್ಪ ಹಿಂದಿನ ಹಲಗೆ ಬಿಚ್ಚಿ, “ಇಳಿಯವ್ವಾ,” ಎಂದ.

“ಇಳೂದಿಲ್ಲೆ.”

“ಹಂಗಂದ್ರ?”

“ಖೋಲಿ ಕಳ್ದದ್ ನಾನ್. ಹುಡ್ಕುದೂ ನಾನೇ. ಖೋಲಿ ಸಿಕ್ಕುವ ತನ್ಕ ಈ ಲಾರಿ ಇಳೂದಿಲ್ಲೆ. ಇವ್ರೂ ಇಳೂದಿಲ್ಲೆ.”

ಸದಾನಂದ ಅವಳ ಮುಖ ನೋಡಿದ. ಅವನನ್ನು ಯಾರೂ ಕೇಳಿರಲಿಲ್ಲ. ಆದರೂ ಅವನು ಕಾಲು ಮಡಚಿ ಇನ್ನಷ್ಟು ಗಟ್ಟಿಯಾಗಿ ಕೂತ.

“ತಲಿ ಕೆಟ್ಟೈತೇನು ನಿಮಗ? ಲಾರಿ ಬಾಡಿಗೀದು!” ದಾನಪ್ಪ ಹಣೆ ಚಚ್ಚಿಕೊಂಡ. ಇವಳು ಕದಲಲಿಲ್ಲ. ಅವನು ಲಾರಿಗೆ ಒಂದು ಸುತ್ತು ಬಂದ, ಬೀಡಿ ಹಚ್ಚಿದ, ಎರಡು ದಮ್ಮು ಎಳೆದು ಎಸೆದ. “ನನ್ನ ಅಂಗಡಿ ಮ್ಯಾಲ ಒಂದ್ ಅಟ್ಟ ಐತಿ,” ಎಂದ ಕೊನೆಗೆ, ಒಲ್ಲದ ಮನಸ್ಸಿನಿಂದ. “ಹಳೇ ಟೈರ್ ತುಂಬೇನಿ. ರಬ್ಬರಿನ ನಾತ. ನಿನ್ನಂಥಾ ಹೆಣ್ಣಮಗಳು ಇರೂ ಜಾಗ ಅಲ್ಲ ಅಂತ ನಾ ಬಾಯಿ ಬಿಟ್ಟಿರಲಿಲ್ಲ.”

“ಬಾಗ್ಲ್ ಇತ್ತಾ ಅದಕ್ಕೆ?”

“ಬಾಗಿಲೇನೋ ಐತಿ. ಆದ್ರ ಒಳಗ ನೆಟ್ಟಗ ನಿಂದರಾಕ ಬರೂದಿಲ್ಲವ್ವಾ, ತಲಿ ಬಡಿತೈತಿ.”

“ನಿಂತ್ಕಂಡೇ ಇರ್ಕ್ ಅಂದ್ ಎಂತ ಇತ್ತ್?” ಎಂದಳು ನೀಲಾವತಿ, ಗಲ್ಲಿಯ ಮಹಡಿಯವರಿಗೆಲ್ಲ ಕೇಳುವಂತೆ. “ಕೂತ್ಕಂಡೂ ಜಗಳ ಆಡ್ಲಕ್ಕ್.”